ಒದ್ದಾಡದ ಟ್ರೌಟ್ ಮೀನಿನ ಕುರಿತು

ಇವರಿಗೆ,
ಮಾನ್ಯ ಚೀಫ್ ಎಕ್ಸ್‌ಪೀರಿಯನ್ಸ್ ಆಫೀಸರ್ ಅವರು,
ಸಿಲ್ವರ್ ಫಿನ್ ಮೌಂಟನ್ ರಿವರ್ ಕ್ಯಾಂಪ್ಸ್,
ಮಸ್ಕತ್.

ಮಾನ್ಯರೇ,

ಈ ಪತ್ರ ತಮ್ಮ ಕೈ ಸೇರುವ ಹೊತ್ತಿಗೆ ತಾವು ಎ.ಸಿ. ಕೋಣೆಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು, ಆರೋಗ್ಯವಾಗಿ, ತಲೆದಿಂಬನ್ನು ಯಾವ ಆಡೂ ಜಗಿಯದಿರುವ ಸುಸ್ಥಿತಿಯಲ್ಲಿ ಇದ್ದೀರೆಂದು ನಂಬಿದ್ದೇನೆ. ತಮ್ಮ ಅತಿಥಿಗಳಾಗಿ ಒಂದು ಶುಕ್ರವಾರ ಮತ್ತು ಅರ್ಧ ಶನಿವಾರ ಬಾಳಿ ಬಂದ ನಮಗೆ ಇವುಗಳಲ್ಲಿ ಯಾವ ಭಾಗ್ಯವೂ ಸಿಗಲಿಲ್ಲವಾದರೂ, ಇನ್ನೊಬ್ಬರ ಸುಖ ಕಂಡು ಕರುಬುವ ಬುದ್ಧಿ ನಮ್ಮ ಮನೆತನದಲ್ಲಿ ಇಲ್ಲ. ತಮಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ನಾನರಿಯೆ. ಆದರೆ ತಮ್ಮ ಜಾಹೀರಾತು ನಮ್ಮ ಕರಾವಳಿ ಬಳಗದ ವಾಟ್ಸ್ಯಾಪ್ ಗುಂಪಿಗೆ ಚೆಂದದ ಕನ್ನಡದಲ್ಲೇ ಬಂದಿತ್ತಾದ್ದರಿಂದ, ಉತ್ತರವನ್ನೂ ಕನ್ನಡದಲ್ಲೇ ಬರೆದು ಅದೇ ಗುಂಪಿನಲ್ಲಿ ಎಲ್ಲರ ಕಣ್ಣೆದುರು ಹಾಕುವುದು ಮರ್ಯಾದೆಯೆಂದು ಭಾವಿಸಿದ್ದೇನೆ. ಹಣ ವಾಪಸು ಕೇಳುವ ಪತ್ರ ಇದಲ್ಲ, ತಾವು ಹೆದರಬೇಕಾಗಿಲ್ಲ.

ನಾನು ಕೊಗ್ಗ ಪುತ್ರನ್. ವಾದಿ ಅದಾಯ್‌ನಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಸ್ಟೋರ್‌ಕೀಪರ್ ಆಗಿದ್ದೇನೆ. ಊರು ಮಲ್ಪೆ, ಜಾತಿಯಿಂದ ಮೊಗವೀರ, ಅಂದರೆ ಸಮುದ್ರದ ಮೇಲೆ ಬದುಕುವವರ ಪೈಕಿ. ಆದರೆ ತಮ್ಮಂಥ ದೊಡ್ಡವರೊಡನೆ ಮುಚ್ಚುಮರೆ ಯಾಕೆ? ನಾನು ಈ ಕೈಯಿಂದ ಒಂದೇ ಒಂದು ಮೀನು ಹಿಡಿದವನಲ್ಲ. ಹದಿನೆಂಟು ವರ್ಷ ತುಂಬಿದಾಗ ಅಪ್ಪ ನನ್ನನ್ನು ಮೊದಲ ಸಲ ದೋಣಿಗೆ ಹತ್ತಿಸಿದರು. ದಡ ಕಣ್ಣಿಗೆ ಕಾಣುತ್ತಿರುವಾಗಲೇ ನನಗೆ ವಾಂತಿ ಶುರುವಾಗಿ, ಹೊಟ್ಟೆಯಲ್ಲಿದ್ದದ್ದೆಲ್ಲ ಖಾಲಿಯಾದ ಮೇಲೂ ನಿಲ್ಲದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡು, ಬಲೆ ಹಾಕುವ ಮೊದಲೇ ದೋಣಿ ತಿರುಗಿಸಬೇಕಾಯಿತು. ಮರಳ ಮೇಲೆ ನನ್ನನ್ನು ಇಳಿಸಿ, ನೆರೆಕರೆಯವರೆಲ್ಲ ನೋಡುತ್ತಿದ್ದಂತೆಯೇ ಅಪ್ಪ ನನ್ನ ತಾಯಿಗೆ, "ಇವನಿಗೆ ಸಮುದ್ರ ಆಗ್ಲಿಕ್ಕಿಲ್ಲ. ಒಣ ಭೂಮಿ ಎಲ್ಲಿ ಉಂಟೋ ಅಲ್ಲಿಗೆ ಕಳಿಸು" ಎಂದರು. ಆ ವರ್ಷವೇ ನಾನು ಒಮಾನಿಗೆ ಬಂದೆ, ಇದಕ್ಕಿಂತ ಒಣ ಜಾಗ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ತೀರಿಹೋಗಿ ಹನ್ನೊಂದು ವರ್ಷ. ಆ ತೀರ್ಪನ್ನು ರದ್ದು ಮಾಡಬಲ್ಲ ನ್ಯಾಯಾಲಯ ಈಗ ಉಳಿದಿರುವುದು ಒಂದೇ, ಅದು ನನ್ನ ತಾಯಿ. ಎಪ್ಪತ್ತಾರು ವಯಸ್ಸು, ನಲವತ್ತು ವರ್ಷ ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರಿದವರು. ಅಪ್ಪನ ಮಾತು ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ, ಮೂವತ್ತನಾಲ್ಕು ವರ್ಷ ಬಾಯಿಮುಚ್ಚಿಕೊಂಡೇ ಇದ್ದರು. ಈ ಸಲ ಈದ್ ಕಳೆದ ಮೇಲೆ ಮೊದಲ ಬಾರಿಗೆ ಮೂರು ವಾರದ ಮಟ್ಟಿಗೆ ನನ್ನ ಮನೆಗೆ ಬಂದರು. ಅವರು ವಿಮಾನ ಹತ್ತುವ ಮೊದಲು ಒಂದೇ ಒಂದು ಸಲ, ಅವರ ಕಣ್ಣೆದುರು, ಒಂದು ಮೀನು ಹಿಡಿದು ಅವರ ಕೈಗೆ ಕೊಟ್ಟು, "ನೀನೂ ನಿನ್ನ ಅಪ್ಪನ ಮಗನೇ" ಎಂಬ ಒಂದು ಮಾತು ಕೇಳಬೇಕೆಂಬುದು ನನ್ನ ಆಸೆಯಾಗಿತ್ತು. ಐವತ್ತೆರಡು ವಯಸ್ಸಿನ ಗಂಡಸಿಗೆ ಇದೆಂಥ ಹುಚ್ಚು ಎಂದು ತಾವು ನಗಬಹುದು, ನನ್ನ ಹೆಂಡತಿ ವಾರಿಜಾಕ್ಷಿ ಈಗಾಗಲೇ ನಕ್ಕಾಗಿದೆ. ಸಮುದ್ರಕ್ಕೆ ಹೋಗುವಂತಿಲ್ಲ, ಮತ್ರಾದ ಕಡಲ ದಡದಲ್ಲಿ ನಿಂತರೂ ನನಗೆ ಹೊಟ್ಟೆ ತೊಳಸುತ್ತದೆ.

ಇಂಥ ಹೊತ್ತಿನಲ್ಲಿ ದೇವರು ಕಣ್ಣುಬಿಟ್ಟ ಹಾಗೆ ತಮ್ಮ ಜಾಹೀರಾತು ಬಂತು. "ವಸಂತದ ವಾರಾಂತ್ಯ! ರುಸ್ತಾಕ್‌ನಾಚೆಯ ಬೆಟ್ಟಗಳ ನಡುವೆ ಭೋರ್ಗರೆಯುವ ನದಿ! ಹಿಮನದಿಗಳ ರಾಜ ಟ್ರೌಟ್! ಪ್ರತಿ ಕುಟುಂಬಕ್ಕೂ ಒಂದು ಮೀನು ಖಚಿತ, ಜೊತೆಗೆ ಸರ್ಟಿಫಿಕೇಟು." ಒಮಾನಿನಲ್ಲಿ ಹಿಮನದಿ ಎಲ್ಲಿಂದ ಬರಬೇಕು ಎಂಬ ಸಣ್ಣ ಪ್ರಶ್ನೆ, ಮಾನ್ಯರೇ, ಯಾವ ಮೂರನೇ ಕ್ಲಾಸಿನ ಮಗುವಿಗೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಮೀನು ಹಿಡಿಯುವ ಜಾತಿಯಲ್ಲಿ ಹುಟ್ಟಿ ಮೀನು ಹಿಡಿಯಲು ಬಾರದವನಿಗೆ "ಖಚಿತ" ಎಂಬ ಒಂದು ಪದ ಕಣ್ಣಿಗೆ ಬಿದ್ದರೆ ಮಿಕ್ಕದ್ದೆಲ್ಲ ಮಸುಕಾಗುತ್ತದೆ ಎಂಬ ಗುಟ್ಟು ತಮ್ಮಂಥ ಅನುಭವದ ಅಧಿಕಾರಿಗಳಿಗೆ ಮಾತ್ರ ಗೊತ್ತು. ತಾಯಿ ಕ್ಯಾಲೆಂಡರ್ ತಿರುವಿ ಆ ಎರಡು ದಿನ ಸಂಕ್ರಮಣ ಅಲ್ಲ, ಮೀನು ತಿನ್ನಲು ಅಡ್ಡಿ ಇಲ್ಲ ಎಂದು ಖಾತ್ರಿ ಮಾಡಿಕೊಂಡರು, ನಾನು ಹೆಸರು ಬರೆಸಿದೆ.

ಈಗ ತಮ್ಮ ನದಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳದಿದ್ದರೆ ನಾನು ಕೃತಘ್ನನಾದೇನು. ಇಷ್ಟು ಶಿಸ್ತಿನ ನದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಬಂಡೆಯ ಬುಡದಲ್ಲಿ ಶುರುವಾಗಿ, ಮೂವತ್ತು ಹೆಜ್ಜೆ ಹರಿದು, ಇನ್ನೊಂದು ಬಂಡೆಯ ಬುಡದಲ್ಲಿ ಯಾರಿಗೂ ತೊಂದರೆ ಕೊಡದೆ ಮುಗಿದುಹೋಗುತ್ತದೆ. ಆಳ ಮೊಣಕಾಲಿನವರೆಗೆ, ಅದೂ ಮಗಳು ಸಮೀಕ್ಷಾಳ ಮೊಣಕಾಲಿನವರೆಗೆ, ಅವಳಿಗೆ ಹನ್ನೆರಡು ವರ್ಷ. ಭೋರ್ಗರೆತ ಇತ್ತು, ಸುಳ್ಳು ಹೇಳಬಾರದು. ಅದು ತಮ್ಮ ಜನರೇಟರಿನದ್ದು. ತಮ್ಮ ನದಿ ಅಸಲಿಗೆ ಒಂದು ವಾದಿ, ಅಂದರೆ ಇಲ್ಲಿಯವರ ಬಾಯಲ್ಲಿ ಬೆಟ್ಟದ ಹಳ್ಳ. ಇಲ್ಲಿಯವರಿಗೆ ಆ ಹಳ್ಳದ ಮೇಲೆ ಪ್ರೀತಿಯೂ ಉಂಟು, ಭಯವೂ ಉಂಟು, ಅದರ ನೀರನ್ನು ಕಾಲುವೆಯಲ್ಲಿ ತಿರುಗಿಸಿ ಸಾವಿರ ವರ್ಷದಿಂದ ಖರ್ಜೂರ ಬೆಳೆಯುತ್ತಾರೆ. ಅವರು ಯಾರೂ ಅದನ್ನು ನದಿ ಎಂದು ಕರೆಯುವ ಧೈರ್ಯ ಮಾಡಿರಲಿಲ್ಲ, ಆ ಕೊರತೆಯನ್ನು ತಾವು ನೀಗಿಸಿದ್ದೀರಿ.

ತಮ್ಮ ಡೇರೆಗಳನ್ನು ಸರಿಯಾಗಿ ಹಳ್ಳದ ನಡುವೆಯೇ, ನೀರು ಬಂದರೆ ಮೊದಲು ಕೊಚ್ಚಿಕೊಂಡು ಹೋಗಬಹುದಾದ ಜಾಗದಲ್ಲಿ ಹುಡುಕಿ ಹುಡುಕಿ ಹಾಕಿಸಿದ್ದೀರಿ. ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಬಂದು, ಬೆಟ್ಟದ ಮೇಲಿನ ಮೋಡ ತೋರಿಸಿ, ಕೈಮುಗಿಯುವಷ್ಟು ಸೌಜನ್ಯದಿಂದ, "ಯಲ್ಲಾ, ನಡೆಯಿರಿ, ಮೇಲೆ, ಮೇಲೆ" ಎಂದು ಕ್ಯಾಂಪಿಗೆ ಬಂದಿದ್ದ ನಮ್ಮ ಆರು ಕುಟುಂಬಗಳ ಸಾಮಾನನ್ನು ಸ್ವತಃ ಹೊತ್ತು ದಿಬ್ಬದ ಮೇಲೆ ಇಟ್ಟುಕೊಟ್ಟರು. ತಮ್ಮ ಸಂಸ್ಥೆಯ ಪರವಾಗಿ ಯಾರೂ ಅವರಿಗೆ ಒಂದು ಲೋಟ ಚಹಾ ಕೊಡಲಿಲ್ಲವಾದ್ದರಿಂದ ನನ್ನ ತಾಯಿ ಕೊಟ್ಟರು. ಆ ಹಿರಿಯರು ಗಾಳದ ಕೋಲು ಕಂಡು, "ಸಮಕ್?" ಎಂದು ಕೇಳಿದರು. ಮೀನಾ ಎಂದು ಅರ್ಥ. ನಾನು ಹೌದೆಂದು ತಲೆಯಾಡಿಸಿದೆ. ಅವರು ಹಳ್ಳವನ್ನು ನೋಡಿದರು, ನನ್ನನ್ನು ನೋಡಿದರು, ಹಳ್ಳವನ್ನು ಮತ್ತೊಮ್ಮೆ ನೋಡಿದರು, ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಏನೋ ಒಂದು ಪ್ರಾರ್ಥನೆಯ ಮಾತು ಹೇಳಿ ಹೊರಟುಹೋದರು. ಅವರ ಆಡುಗಳು ಮಾತ್ರ ನಮ್ಮೊಂದಿಗೇ ಉಳಿದುಕೊಂಡು ಎರಡು ದಿಂಬು, ಒಂದು ಟವೆಲ್ಲು ಮತ್ತು ತಮ್ಮ ಸಂಸ್ಥೆಯ ನಿಯಮಾವಳಿ ಪುಸ್ತಕವನ್ನು ತಿಂದವು. ಪುಸ್ತಕದ ವಿಷಯದಲ್ಲಿ ನನಗೆ ದೂರಿಲ್ಲ.

ಆದರೆ ತಮ್ಮ ಕಿರೀಟದ ರತ್ನ ಎಂದರೆ ಟ್ರೌಟ್ ಮಾಸ್ಟರ್ ಶ್ರೀಮಾನ್ ಅಭಿ ಅವರು. ಮೂವತ್ತೈದರ ಆಸುಪಾಸಿನ ಈ ಮಹನೀಯರು ಟೋಪಿಯ ಸುತ್ತ ಕೋಳಿಗರಿ ಸಿಕ್ಕಿಸಿಕೊಂಡು, ಮೊಣಕಾಲುದ್ದದ ನೀರಿಗೆ ಇಳಿಯಲು ಎದೆಯವರೆಗಿನ ರಬ್ಬರ್ ಪ್ಯಾಂಟು ತೊಟ್ಟು ಬಂದರು. ಬಿಸಿಲು ಎಷ್ಟಿತ್ತೆಂದರೆ ಆ ಪ್ಯಾಂಟಿನೊಳಗೆ ಅವರೇ ಬೇಯುತ್ತಿದ್ದರು, ಪಾಪ. ಟ್ರೌಟ್ ಬಹಳ ನಾಚಿಕೆಯ ಮೀನು, ಜನ ಕಂಡರೆ ಬರುವುದಿಲ್ಲ, ಆದ್ದರಿಂದ ನಾವೆಲ್ಲ ಬೆಟ್ಟದ ಕಡೆ ಮುಖಮಾಡಿ ಕಣ್ಣುಮುಚ್ಚಿ ಐದು ನಿಮಿಷ ನದಿಗೆ ಗೌರವ ಸಲ್ಲಿಸಬೇಕು, ಆ ಹೊತ್ತಿನಲ್ಲಿ ಸ್ವತಃ ಗಾಳವನ್ನು ಬಂಡೆಯ ಹಿಂದಿನ ಗುಂಡಿಗೆ ಇಳಿಸಿ ಬರುವುದಾಗಿ ವಿವರಿಸಿದರು. ನಾವು ಆರು ಕುಟುಂಬದವರು, ಓದುಬರಹ ಬಲ್ಲವರು, ಅದರಲ್ಲೊಬ್ಬರು ಎಂಜಿನಿಯರು, ಸಾಲಾಗಿ ನಿಂತು ಬೆಟ್ಟಕ್ಕೆ ಮುಖಮಾಡಿ ಕಣ್ಣುಮುಚ್ಚಿದೆವು. ಮಾನ್ಯರೇ, ಹಳ್ಳದ ಕಡೆ ಬೆನ್ನು ಹಾಕಿಕೊಂಡು ಮೀನು ಹಿಡಿದ ಮೊದಲ ಮೊಗವೀರ ನಾನೇ ಇರಬೇಕು.

ನನ್ನ ಸರದಿ ಬಂತು. ಬಂಡೆಯ ಹಿಂದಿನಿಂದ ಅಭಿ ಅವರ ಕೂಗು ಕೇಳಿಸಿತು, "ಕಚ್ಚಿತು ಸಾರ್! ಎಳೀರಿ ಸಾರ್!" ಕೋಲು ಬಾಗಿತು, ದಾರ ಬಿಗಿಯಿತು, ಎಲ್ಲಿಂದ ಬಂತೋ ಆ ಶಕ್ತಿ, ಎರಡೂ ಕೈಯಲ್ಲಿ ಎಳೆದೆ. ಬಂತು, ಮಾನ್ಯರೇ! ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಇರುವ, ಹೊಳೆಯುವ ಮೈಯ, ಚುಕ್ಕೆಚುಕ್ಕೆಯ ಮೀನು! ಅದು ಒದ್ದಾಡಲಿಲ್ಲ. ಬಾಲ ಅಲ್ಲಾಡಿಸಲಿಲ್ಲ. ಕೈಕಟ್ಟಿ ಕೂತ ಸಭಾಸದರ ಹಾಗೆ ಬಂದು ನನ್ನ ಕಾಲಬಳಿ ಮಲಗಿತು. ಸಮೀಕ್ಷಾ, "ಪಪ್ಪಾ, ಇಟ್ಸ್ ನಾಟ್ ಮೂವಿಂಗ್" ಎಂದಳು. ವಾರಿಜಾಕ್ಷಿ, "ಇದಕ್ಕೆ ನಿದ್ದೆ ಬಂದ ಹಾಗೆ ಉಂಟಲ್ಲ ಮಾರಾಯ್ರೆ?" ಎಂದಳು. ಆಗ ಅಭಿ ಅವರು ಟೋಪಿ ತೆಗೆದು, ಟ್ರೌಟ್ ರಾಜವಂಶದ ಮೀನೆಂದೂ, ಸೋತಮೇಲೆ ಒದ್ದಾಡುವುದು ಅದರ ಘನತೆಗೆ ಕಡಿಮೆಯೆಂದೂ ಅಪ್ಪಣೆ ಕೊಡಿಸಿದರು. ನಾನು ನಂಬಿದೆ. ಬೂತಾಯಿ, ಬಂಗುಡೆಗಳ ನಡುವೆ ಹುಟ್ಟಿ, ಮೀನು ಹೇಗೆ ಸಾಯುತ್ತದೆಂದು ಅಂಬೆಗಾಲಿಡುವಾಗಲೇ ನೋಡಿದವನು, ಕೋಳಿಗರಿಯ ಟೋಪಿಯ ಮಾತು ಕೇಳಿ ಹೌದು ಹೌದು ಎಂದು ತಲೆಯಾಡಿಸಿದೆ.

ಮೀನನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೋಗಿ ತಾಯಿಯ ಮುಂದೆ ಹಿಡಿದೆ. ಅವರು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ನಲವತ್ತು ವರ್ಷದ ಅಭ್ಯಾಸ, ಅವರ ಹೆಬ್ಬೆರಳು ತಾನಾಗಿ ಹೋಗಿ ಮೀನಿನ ಕಿವಿರನ್ನು ಎತ್ತಿತು. ಇನ್ನೊಂದು ಬೆರಳು ಹೊಟ್ಟೆಯನ್ನು ಒತ್ತಿತು. ಗಾಳ ಸಿಕ್ಕಿದ್ದ ಬಾಯಿಯನ್ನು ಬಿಡಿಸಿ ನೋಡಿದರು. ಅಷ್ಟರಲ್ಲಿ ಸುತ್ತ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ಸಮೀಕ್ಷಾ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ತಾಯಿ ಕಿವಿರನ್ನು ಮೆಲ್ಲಗೆ ಮುಚ್ಚಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಒಳ್ಳೆ ಮೀನು. ನನ್ನ ಮಗ ಹಿಡಿದದ್ದು" ಎಂದರು. ಅವರು ಹೇಳಿದ್ದು ತುಳುವಿನಲ್ಲಿ, ತಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದ್ದೇನೆ. ಮಲ್ಪೆಯ ಆ ಮರಳ ಮೇಲೆ ನಿಂತು ನಕ್ಕವರೆಲ್ಲ ಈಗ ಬಂದು ನೋಡಬೇಕಿತ್ತು ಅನ್ನಿಸಿತು.

ಆ ಸಂಜೆ ತಾಯಿ ಊರಿನಿಂದ ತಂದಿದ್ದ ಮಸಾಲೆ ಅರೆದು ಹಚ್ಚಿ, ತಮ್ಮ ಕ್ಯಾಂಪಿನ ಗ್ಯಾಸ್ ಒಲೆಯ ಮೇಲೆ ಮೀನು ಕಾಯಿಸಿದರು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಉಂಟು: ಮೀನಿನ ತಲೆ, ಆ ಮೀನು ಹಿಡಿದು ತಂದವನ ಬಟ್ಟಲಿಗೆ. ಅಪ್ಪ ಇರುವವರೆಗೆ ಅದು ಅಪ್ಪನ ಬಟ್ಟಲು ಬಿಟ್ಟು ಬೇರೆಲ್ಲೂ ಬಿದ್ದದ್ದಿಲ್ಲ. ನಾನು ರಜೆಯಲ್ಲಿ ಊರಿಗೆ ಹೋದಾಗಲೂ ನನಗೆ ಬಾಲದ ಕಡೆಯ ತುಂಡು. ಅವತ್ತು ತಾಯಿ ತಲೆಯನ್ನು ಎತ್ತಿ ನನ್ನ ಬಟ್ಟಲಿಗೆ ಹಾಕಿದರು. ಮಾನ್ಯರೇ, ನಾನು ಅತ್ತುಬಿಟ್ಟೆ. ಮೆಣಸಿನ ಖಾರ ಎಂದು ಎಲ್ಲರಿಗೂ ಹೇಳಿದೆ. ರುಚಿ ಒದ್ದೆ ರಟ್ಟಿನ ಹಾಗಿತ್ತು, ರಾಜವಂಶದವರ ರುಚಿ ಹೀಗೇ ಇರಬಹುದೆಂದುಕೊಂಡು ಮುಳ್ಳು ಕೂಡ ಬಿಡದೆ ಜಗಿದೆ. ತಾಯಿ ಮಾತ್ರ ಹೊಟ್ಟೆ ಸರಿ ಇಲ್ಲವೆಂದು ಹೇಳಿ ಉಪ್ಪಿನಕಾಯಿಯಲ್ಲಿ ಗಂಜಿ ಕುಡಿದು ಎದ್ದರು.

ಶನಿವಾರ ಬೆಳಿಗ್ಗೆ ತಮ್ಮ ಪರವಾಗಿ ಅಭಿ ಅವರು ಪ್ರತಿಯೊಂದು ಕುಟುಂಬಕ್ಕೂ ಬಂಗಾರದ ಅಂಚಿನ ಸರ್ಟಿಫಿಕೇಟು ಹಂಚಿದರು. ಆರು ಕುಟುಂಬ, ಆರು ಮೀನು, ಆರೂ ಒಂದೇ ಉದ್ದ, ಒಂದೇ ತೂಕ. ಸೃಷ್ಟಿಯಲ್ಲೇ ಇಲ್ಲದ ಈ ಸಮಾನತೆಯನ್ನು ತಾವು ಒಂದು ಹಳ್ಳದಲ್ಲಿ ಸಾಧಿಸಿದ್ದಕ್ಕೆ ತಮಗೆ ಯಾವುದಾದರೂ ಪ್ರಶಸ್ತಿ ಬರಬೇಕಿತ್ತು. ನಾನು ನನ್ನ ಸರ್ಟಿಫಿಕೇಟನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಎದುರಿಗೆ ಬರುವ ವಾಹನದವರಿಗೂ ಕಾಣುವ ಹಾಗೆ ಒರಗಿಸಿಟ್ಟು, ಹಾಡು ಗುನುಗುತ್ತಾ ಬೆಟ್ಟ ಇಳಿದೆ.

ರುಸ್ತಾಕ್‌ನಲ್ಲಿ ನೀರು ಕೊಳ್ಳಲೆಂದು ಒಂದು ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿ ಉಳ್ಳಾಲದ ಶಾಹುಲ್ ಹಮೀದ್ ಸಾಹೇಬರದ್ದು. ನಮ್ಮ ಮಾತು ಕೇಳಿದ್ದೇ ತಡ, ಹೊರಗೆ ಬಂದು ತಾಯಿಗೆ ಕುರ್ಚಿ ಹಾಕಿ, ಸುಲೈಮಾನಿ ಚಹಾ ಕೊಟ್ಟು, ಮಲ್ಪೆಯ ಬಂದರಿನ ಕ್ಷೇಮಸಮಾಚಾರವೆಲ್ಲ ವಿಚಾರಿಸಿದರು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರದೆ ಸರ್ಟಿಫಿಕೇಟು ತಂದು ತೋರಿಸಿದೆ. ಸಾಹೇಬರು ಅದರ ಮೇಲಿನ ಮೀನಿನ ಚಿತ್ರ ನೋಡಿ ಮುಖ ಅರಳಿಸಿ, "ಓ, ಇದಾ? ಇದು ನಮ್ಮಲ್ಲೇ ಉಂಟಲ್ಲ ಮಾರಾಯ್ರೆ!" ಎಂದು ಫ್ರೀಜರಿನ ಮುಚ್ಚಳ ಎತ್ತಿದರು. ಒಳಗೆ ಪ್ಲಾಸ್ಟಿಕ್ಕಿನಲ್ಲಿ, ಒಂದೇ ಉದ್ದ, ಒಂದೇ ತೂಕ, ಚುಕ್ಕೆಚುಕ್ಕೆಯ ರಾಜವಂಶದವರು ಸಾಲಾಗಿ ಮಲಗಿದ್ದರು. "ನಿಮ್ಮ ಕ್ಯಾಂಪಿನ ಅಭಿ ಅವರು ಪ್ರತಿ ಗುರುವಾರ ಆರು ಪೀಸು ತಕ್ಕೊಂಡು ಹೋಗ್ತಾರೆ. ಅಲ್ಲಿ ಜನ ಇಷ್ಟಪಟ್ಟು ತಿಂತಾರಂತೆ ಅಲ್ವಾ? ಇಲ್ಲಿ ಒಬ್ರೂ ಕೇಳುವವರಿಲ್ಲ." ಆ ಮನುಷ್ಯನ ಮುಖದಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ, ತನ್ನ ಗಿರಾಕಿಯನ್ನು ಹೊಗಳುವ ಸಂತೋಷ ಮಾತ್ರ ಇತ್ತು.

ಬಂಡೆಯ ಹಿಂದೆ ಗೌರವದ ಐದು ನಿಮಿಷದಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಆಗ ತಿಳಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಪ್ಲಾಸ್ಟಿಕ್ ಸುತ್ತಿದ ಮೀನಿಗೆ ಹೋಯಿತು. ಕಾರು ಹತ್ತಿದವನು ಬರ್ಕಾ ರಸ್ತೆಗೆ ಬರುವವರೆಗೂ ತಮ್ಮನ್ನು, ತಮ್ಮ ಅಭಿಯವರನ್ನು, ಅವರ ಟೋಪಿಯ ಕೋಳಿಯನ್ನು, ಯಾವ ಪತ್ರದಲ್ಲೂ ಬರೆಯಬಾರದ ಮಾತುಗಳಲ್ಲಿ ಬೈದೆ. ವಾರಿಜಾಕ್ಷಿ, "ಖಲಾಸ್, ಬಿಡಿ, ಆದದ್ದಾಯಿತು" ಎಂದರೆ ಅವಳ ಮೇಲೂ ಹಾರಿದೆ. ಸಿಟ್ಟಿಗಿಂತ ಹೆಚ್ಚು ನಾಚಿಕೆ, ಮಾನ್ಯರೇ. ಪಕ್ಕದ ಸೀಟಿನಲ್ಲಿ ಕೂತ ತಾಯಿಯ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಮೂರು ದಿನದಲ್ಲಿ ಅವರು ಊರಿಗೆ ಹೋಗುವವರು, ನಾನು ಮತ್ತೆ ಮರಳ ಮೇಲೆ ಕಾರಿಕೊಂಡು ಬಿದ್ದ ಹುಡುಗನೇ ಆಗಿದ್ದೆ.

ಆಗ ತಾಯಿ, ರಸ್ತೆಯನ್ನೇ ನೋಡುತ್ತಾ, "ಮಗಾ, ಅದು ಐಸಿನ ಮೀನು ಅಂತ ಕಿವಿರು ನೋಡುವಾಗಲೇ ನನಗೆ ಗೊತ್ತಾಗಿದೆ. ಗಾಳ ಕಚ್ಚಿದ ಬಾಯಲ್ಲಿ ಒಂದು ಹನಿ ರಕ್ತ ಬೇಡವಾ?" ಎಂದರು. ಗೊತ್ತಿದ್ದರೆ ಅಲ್ಲೇ ಯಾಕೆ ಹೇಳಲಿಲ್ಲ ಅಮ್ಮಾ, ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ. ಅವರು ನನ್ನತ್ತ ತಿರುಗಿ, ಇಷ್ಟು ಸಣ್ಣ ವಿಷಯ ತಿಳಿಯದವನನ್ನು ನೋಡುವ ಹಾಗೆ ನೋಡಿ, "ನಿನ್ನ ಅಪ್ಪನಿಗೇ ಹೇಳದವಳು ನಿನಗೆ ಹೇಳ್ತೇನಾ?" ಎಂದರು.

ಬಲೆ ಬರಿದಾದ ದಿನಗಳಲ್ಲಿ ಅಪ್ಪ ಬಂದರಿಗೆ ಹೋಗಿ, ದೊಡ್ಡ ಬೋಟಿನವರಿಂದ ಮೀನು ಕೊಂಡು, ತನ್ನ ಬುಟ್ಟಿಗೆ ಹಾಕಿಕೊಂಡು, ಪಂಚೆಯನ್ನು ಸಮುದ್ರದಲ್ಲಿ ಅದ್ದಿ ಒದ್ದೆ ಮಾಡಿಕೊಂಡು ಮನೆಗೆ ಬರುತ್ತಿದ್ದರಂತೆ. ಅಪ್ಪನ ಬಲೆಗೆ ಸಿಕ್ಕ ಮೀನಿನ ಕುತ್ತಿಗೆಯಲ್ಲಿ ನೂಲಿನ ಗೀರು ಇರುತ್ತದೆ, ಬೋಟಿನ ಮೀನಿಗೆ ಅದು ಇರುವುದಿಲ್ಲ. ಮೀನು ಮಾರುವ ಹೆಂಗಸಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? "ಪಾಪ, ಗಂಡಸು, ಬರಿಗೈಯಲ್ಲಿ ಹೇಗೆ ಬರುವುದು ಮನೆಗೆ? ನಾನು ತಲೆ ತುಂಡು ಮಾಡಿ ಅವರ ಬಟ್ಟಲಿಗೆ ಹಾಕುತ್ತಿದ್ದೆ. ಅವರು ತಿನ್ನುತ್ತಿದ್ದರು." ಮತ್ತೆ ಹೇಳಿದರು: "ನಿನಗೆ ವಾಂತಿಯಾದ ದಿನವೂ ರಾತ್ರಿ ಊಟಕ್ಕೆ ಬಂಗುಡೆ ಇತ್ತಲ್ಲ? ಬಲೆಯೇ ಹಾಕದೆ ಹಿಂದೆ ಬಂದವರಿಗೆ ಬಂಗುಡೆ ಎಲ್ಲಿಂದ ಬಂತು ಅಂತ ಒಂದು ದಿನವಾದರೂ ಕೇಳಿದ್ದೀಯಾ ನೀನು? ಮಗನಿಂದಾಗಿ ಒಂದು ಹೊತ್ತು ಮೀನು ತಪ್ಪಿತು ಅಂತ ಮನೆಯಲ್ಲಿ ಯಾರೂ ಬಾಯಿ ತೆರೆಯಬಾರದು, ಅಷ್ಟೇ ಅವರಿಗೆ." ನಾನು ಕೇಳಿರಲಿಲ್ಲ, ಮಾನ್ಯರೇ. ಮೂವತ್ತನಾಲ್ಕು ವರ್ಷದಲ್ಲಿ ಅಪ್ಪನ ಆ ಮಾತೊಂದನ್ನೇ ನೆನೆಸಿಕೊಂಡು ಕೊರಗಿದೆನೇ ಹೊರತು ಆ ಬಂಗುಡೆಯನ್ನು ಒಂದು ಸಲವೂ ನೆನೆಸಿಕೊಂಡವನಲ್ಲ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಈ ಸಲ ಮೆಣಸಿನ ಮೇಲೆ ಹಾಕಲಿಲ್ಲ. ತಾಯಿ ನನ್ನ ಬೆನ್ನು ತಟ್ಟಿ, "ಅಪ್ಪನ ಮಗನೇ ನೀನು, ಅದರಲ್ಲಿ ಎಂಥ ಸಂಶಯ? ಅವರೂ ಹೀಗೇ ಮೀನು ತಂದು ಹೀಗೇ ನನ್ನ ಮುಖ ನೋಡುತ್ತಿದ್ದರು" ಎಂದರು.

ಹೀಗೆ, ಮಾನ್ಯರೇ, ನಾನು ಬಯಸಿದ ಮಾತು ನನಗೆ ಸಿಕ್ಕಿದೆ. ಇದರಲ್ಲಿ ತಮ್ಮ ಪಾಲಿದೆ ಎಂದು ತಾವು ಬೀಗಿ, ಮುಂದಿನ ಜಾಹೀರಾತಿನಲ್ಲಿ "ಅಗಲಿದ ತಂದೆಯವರೊಂದಿಗೆ ರಾಜಿ, ಖಚಿತ" ಎಂದು ಸೇರಿಸುವಿರೆಂಬ ಭಯದಿಂದಲೇ ಇಷ್ಟುದ್ದ ಬರೆಯಬೇಕಾಯಿತು. ತಮ್ಮ ಪಾಲು ಏನೂ ಇಲ್ಲ. ನನ್ನ ಅಪ್ಪ ಸುಳ್ಳು ತಂದದ್ದು ಮನೆಯವರ ಹೊಟ್ಟೆ ತುಂಬಲಿ ಎಂದು. ತಾಯಿ ಸುಳ್ಳು ಹೇಳಿದ್ದು ಅಪ್ಪನ ಮುಖ ಉಳಿಯಲಿ ಎಂದು. ತಾವು ಸುಳ್ಳು ಹೇಳಿದ್ದು ಯಾತಕ್ಕೆಂದು ತಾವೇ ಬಲ್ಲಿರಿ. ಆದರೂ ತಮ್ಮ ಅಭಿಪ್ರಾಯ ಸಂಗ್ರಹದ ಹಾಳೆಯಲ್ಲಿ "ಇನ್ನೂ ಉತ್ತಮಪಡಿಸಲು ಸಲಹೆ" ಎಂಬ ಜಾಗ ಖಾಲಿ ಬಿಟ್ಟಿದ್ದೀರಾದ್ದರಿಂದ ವಿನಂತಿಸುತ್ತೇನೆ: ದಯವಿಟ್ಟು ರುಸ್ತಾಕ್‌ನ ಹಳ್ಳಕ್ಕೆ ಹಿಮಾಲಯದಿಂದ ಒಂದು ನದಿಯನ್ನು ತರಿಸಿ, ಇಲ್ಲವೇ ಹಳ್ಳವನ್ನು ಹಳ್ಳ ಎಂದು ಕರೆಯಿರಿ, ಆಡು ಮೇಯಿಸುವ ಆ ಹಿರಿಯರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಒಂದು ವಾರ ಅವರ ಆಡುಗಳೊಂದಿಗೆ ಇರಿ, ದಿಂಬು ತಮ್ಮದೇ ಒಯ್ಯಿರಿ, ಮತ್ತು ಐದು ನಿಮಿಷ ಕಣ್ಣುಮುಚ್ಚಿಸುವ ಆ ಗೌರವ ಕಾರ್ಯಕ್ರಮವನ್ನು ನಮ್ಮ ಬಳಗದ ಎಲ್ಲರೆದುರು, ತಾವು ಬೆಟ್ಟಕ್ಕೆ ಮುಖಮಾಡಿ ನಿಂತು, ಒಮ್ಮೆ ನಡೆಸಿಕೊಡಿ. ಬಂಡೆಯ ಹಿಂದೆ ನಾವು ಇರುತ್ತೇವೆ.

ತಮ್ಮ ಮೀನನ್ನು ತಲೆ ಸಮೇತ ತಿಂದು ಅರಗಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಕೊಗ್ಗ ಪುತ್ರನ್
ವಾದಿ ಅದಾಯ್, ಮಸ್ಕತ್

ತಾ.ಕ.: ತಾಯಿ ನಿನ್ನೆ ವಿಮಾನ ಹತ್ತಿದರು. ಹೊರಡುವ ಮೊದಲು ತಮಗೊಂದು ಮಾತು ಹೇಳಿ ಕಳಿಸಿದ್ದಾರೆ: ಶಾಹುಲ್ ಹಮೀದ್ ಸಾಹೇಬರ ಫ್ರೀಜರಿನಲ್ಲಿದ್ದ ಪ್ಯಾಕೆಟ್ಟಿನ ಮೇಲೆ ಕಳೆದ ವರ್ಷದ ಆಗಸ್ಟ್ ತಿಂಗಳು ಅಚ್ಚಾಗಿತ್ತು. ತನ್ನ ಗಂಡ ಸುಳ್ಳು ತರುವಾಗಲೂ ಅವತ್ತಿನ ಮೀನೇ ತರುತ್ತಿದ್ದರಂತೆ.